ಗೋಧಿಯ ಕಾಡಿಗೆ ರೋಗ ಬೀಜದೊಳಗೇ ಕೂತು ಬಂದಾಗ

ಪ್ರಶ್ನೆ: ನಾನು ಪಾಂಡವಪುರ ತಾಲ್ಲೂಕಿನ ರೈತ. ನಾಲೆ ನೀರು ಹಾಯುವ ಅರ್ಧ ಎಕರೆಯಲ್ಲಿ, ಧಾರವಾಡ ಕಡೆಯ ನೆಂಟರಿಂದ ತಂದ ಚಪಾತಿ ಗೋಧಿಯನ್ನು ಕಳೆದ ನವೆಂಬರಿನಲ್ಲಿ ಬಿತ್ತಿದ್ದೆ. ತೆನೆ ಬರುವಾಗ ಅಲ್ಲಲ್ಲಿ ಕಾಳಿನ ಜಾಗದಲ್ಲಿ ಕಪ್ಪು ಪುಡಿ ತುಂಬಿಕೊಂಡು, ಅದು ಗಾಳಿಗೆ ಹಾರಿಹೋಗಿ ಬರೀ ಕಡ್ಡಿ ಉಳಿಯಿತು. ಅಂಥ ತೆನೆಗಳನ್ನು ಬಿಟ್ಟು, ಚೆನ್ನಾಗಿದ್ದ ತೆನೆಗಳಿಂದಲೇ ದಪ್ಪ ಕಾಳು ಆರಿಸಿ ಬೀಜಕ್ಕೆ ಇಟ್ಟಿದ್ದೇನೆ. ಅದರಲ್ಲೂ ಕೆಲವು ಕಾಳುಗಳ ಮೂತಿ ಕಪ್ಪಾಗಿದೆ. ಈ ಬೀಜವನ್ನು ಮತ್ತೆ ಬಿತ್ತಬಹುದೇ? ಜೋಳಕ್ಕೆ ಹಚ್ಚುವ ಗಂಧಕವಾಗಲಿ ಬೀಜಾಮೃತವಾಗಲಿ ಸಾಕಾಗುತ್ತದೆಯೇ? ಪಕ್ಕದ ರಾಗಿ, ಭತ್ತಕ್ಕೆ ಇದು ಹರಡುತ್ತದೆಯೇ? ಉಳಿದ ಕಾಳನ್ನು ಹಿಟ್ಟು ಮಾಡಿಸಿ ತಿನ್ನಬಹುದೇ?

ಉತ್ತರ: ಈಗಿರುವ ಸ್ಥಿತಿಯಲ್ಲಿ ಆ ಬೀಜವನ್ನು ಬಿತ್ತಬೇಡಿ. ಸರಿಯಾದ ಉಪಚಾರ ಮಾಡಿದರೆ ಧಾರಾಳವಾಗಿ ಬಿತ್ತಬಹುದು. ಆದರೆ ನೀವು ಹೆಸರಿಸಿದ ಗಂಧಕವಾಗಲಿ ಬೀಜಾಮೃತವಾಗಲಿ ಈ ರೋಗವನ್ನು ಮುಟ್ಟುವುದಿಲ್ಲ. ಏಕೆ ಮುಟ್ಟುವುದಿಲ್ಲವೆಂಬುದು ತಿಳಿದರೆ ನಿಮ್ಮ ಉಳಿದ ಪ್ರಶ್ನೆಗಳಿಗೂ ಅರ್ಧ ಉತ್ತರ ಸಿಕ್ಕಂತೆಯೇ, ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

ನೀವು ಕಂಡದ್ದು ಗೋಧಿಯ ತೆರೆದ ಕಾಡಿಗೆ ರೋಗ. ಇದಕ್ಕೆ ಕಾರಣ ಅಸ್ಟಿಲಾಗೊ ಟ್ರಿಟಿಸಿ ಎಂಬ ಶಿಲೀಂಧ್ರ. ರೋಗ ತಗುಲಿದ ತೆನೆ ಸಾಮಾನ್ಯವಾಗಿ ಉಳಿದವುಗಳಿಗಿಂತ ಒಂದೆರಡು ದಿನ ಮೊದಲೇ ಹೊಡೆ ಒಡೆದು ಹೊರಬರುತ್ತದೆ. ಆ ಹೊತ್ತಿನಲ್ಲಿ ಹತ್ತಿರದಿಂದ ನೋಡಿದರೆ, ಕಾಳು ಕಟ್ಟಬೇಕಾದ ಜಾಗದಲ್ಲೆಲ್ಲ ಕಪ್ಪು ಪುಡಿ ತುಂಬಿದ್ದು, ಅದರ ಮೇಲೆ ಬೂದುಬಣ್ಣದ ತೀರಾ ತೆಳುವಾದ ಪೊರೆ ಇರುವುದು ಕಾಣುತ್ತದೆ. ಬೆರಳು ತಾಗಿದರೆ ಸಾಕು, ಪೊರೆ ಹರಿದು ಕೈಗೆ ಮಸಿ ಹತ್ತುತ್ತದೆ. ಕೆಲವೇ ದಿನಗಳಲ್ಲಿ ಗಾಳಿಯೂ ಇಬ್ಬನಿಯೂ ಸೇರಿ ಪುಡಿಯನ್ನೆಲ್ಲ ಖಾಲಿ ಮಾಡಿ, ನೀವು ಬರೆದಿರುವ ಹಾಗೆ, ತೆನೆಯ ದಿಂಡನ್ನು ಮಾತ್ರ ಉಳಿಸುತ್ತವೆ.

ರೋಗದ ಮುಖ್ಯ ಕೆಲಸ ನಡೆಯುವುದು ಈ ಕೆಲವೇ ದಿನಗಳಲ್ಲಿ, ಅದೂ ಆರೋಗ್ಯವಾಗಿರುವ ತೆನೆಗಳ ಮೇಲೆ. ಕಪ್ಪು ಪುಡಿ ಹಾರುವ ಹೊತ್ತಿಗೆ ಸರಿಯಾಗಿ ಸುತ್ತಲಿನ ತೆನೆಗಳು ಹೂಬಿಟ್ಟಿರುತ್ತವೆ. ಹಾರಿಬಂದ ಬೀಜಾಣು ಹೂವಿನೊಳಗೆ ಬಿದ್ದು, ಮೊಳೆತು, ಅಂಡಾಶಯದ ಗೋಡೆಯನ್ನು ಕೊರೆದು, ಆಗಷ್ಟೇ ರೂಪುಗೊಳ್ಳುತ್ತಿರುವ ಭ್ರೂಣವನ್ನು ಸೇರಿಕೊಳ್ಳುತ್ತದೆ. 16ರಿಂದ 22 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಮತ್ತು ತೇವದ ಗಾಳಿ ಇದಕ್ಕೆ ಅನುಕೂಲ. ನವೆಂಬರಿನಲ್ಲಿ ಬಿತ್ತಿದ ಗೋಧಿ ಹೂಬಿಡುವ ಜನವರಿಯಲ್ಲಿ, ನಾಲೆ ಬಯಲಿನ ಇಬ್ಬನಿ ಬೀಳುವ ಬೆಳಗುಗಳು ಹೆಚ್ಚುಕಡಿಮೆ ಇಂಥವೇ. ಹೀಗೆ ಸೋಂಕು ತಗುಲಿದ ಕಾಳು ಎಲ್ಲ ಕಾಳುಗಳಂತೆಯೇ ತುಂಬಿಕೊಳ್ಳುತ್ತದೆ. ತೂಕದಲ್ಲಿ, ಬಣ್ಣದಲ್ಲಿ, ಮೊಳಕೆಯಲ್ಲಿ ಯಾವ ವ್ಯತ್ಯಾಸವೂ ಇರುವುದಿಲ್ಲ. ಶಿಲೀಂಧ್ರದ ಎಳೆ ಭ್ರೂಣದಲ್ಲಿ ನಿದ್ರಾವಸ್ಥೆಯಲ್ಲಿದ್ದು, ಮುಂದಿನ ವರ್ಷ ಬೀಜ ಮೊಳೆತಾಗ ತಾನೂ ಎಚ್ಚೆತ್ತು, ಬೆಳೆಯುವ ಸುಳಿಯ ಹಿಂದೆ ಹಿಂದೆಯೇ ಸಾಗಿ, ತೆನೆ ಮೂಡುವ ಕಾಲಕ್ಕೆ ಅದರೊಳಗೆ ನುಗ್ಗಿ ಕಾಳನ್ನೆಲ್ಲ ಮಸಿ ಮಾಡುತ್ತದೆ.

ಕಪ್ಪಾದ ತೆನೆಯಲ್ಲಿ ಕಾಳೇ ಇರುವುದಿಲ್ಲವಾದ್ದರಿಂದ ಬೀಜಕ್ಕೆಂದು ಯಾರು ಎಷ್ಟೇ ಎಚ್ಚರಿಕೆಯಿಂದ ಆರಿಸಿದರೂ ಅದು ಚೆನ್ನಾಗಿ ಕಂಡ ತೆನೆಯ ಕಾಳೇ ಆಗಿರುತ್ತದೆ. ಸೋಂಕು ಇರುವುದೂ ಆ ಕಾಳುಗಳಲ್ಲಿಯೇ. ಹಾಗಾಗಿ ನೀವು ಮಾಡಿರುವ ಆಯ್ಕೆ ಇತರ ಕಾರಣಗಳಿಗೆ ಒಳ್ಳೆಯದಾದರೂ ಕಾಡಿಗೆಯ ಮಟ್ಟಿಗೆ ಅದರಿಂದ ಏನೂ ಸಾಧಿಸಿದಂತಾಗಿಲ್ಲ. ನೆಂಟರು ಕೊಟ್ಟ ಬೀಜದಲ್ಲೂ ಹೀಗೆಯೇ ಆಗಿರಬೇಕು. ಅವರ ಹೊಲದಲ್ಲಿ ಹಿಂದಿನ ವರ್ಷ ನಾಲ್ಕಾರು ಕಪ್ಪು ತೆನೆ ಎದ್ದಿದ್ದರೆ ಅವರು ಗಮನಿಸಿರಲೂ ಇಲ್ಲವೇನೋ. ಅವರ ಮೇಲೆ ಬೇಸರ ಪಡುವ ಕಾರಣವಿಲ್ಲ.

ಈಗ ಗಂಧಕದ ವಿಚಾರ. ಜೋಳದ ಕಾಳು ಕಾಡಿಗೆಯಲ್ಲಿ ಶಿಲೀಂಧ್ರದ ಬೀಜಾಣುಗಳು ಕಾಳಿನ ಹೊರಮೈಗೆ ಅಂಟಿಕೊಂಡಿರುತ್ತವೆ. ಒಕ್ಕಣೆಯಲ್ಲಿ ಕಾಡಿಗೆಯ ಉಂಡೆಗಳು ಒಡೆದು ಪುಡಿ ಎಲ್ಲ ಕಾಳುಗಳಿಗೂ ಹತ್ತುತ್ತದೆ, ಬಿತ್ತಿದ ಮೇಲೆ ಮೊಳಕೆಯನ್ನು ಹೊರಗಿನಿಂದ ಹೊಕ್ಕುತ್ತದೆ. ಆದ್ದರಿಂದ ಕಿಲೋ ಬೀಜಕ್ಕೆ ನಾಲ್ಕೈದು ಗ್ರಾಂ ಗಂಧಕದ ಪುಡಿ ಹಚ್ಚಿದರೆ ಹೊರಗಿರುವುದು ಅಲ್ಲೇ ಸಾಯುತ್ತದೆ, ಅಗ್ಗದ ಔಷಧಿಯಲ್ಲಿ ಕೆಲಸ ಮುಗಿಯುತ್ತದೆ. ಗೋಧಿಯ ತೆರೆದ ಕಾಡಿಗೆಗೆ ಗಂಧಕ ಹಚ್ಚುವುದು ಕಳ್ಳ ಒಳಗಿರುವಾಗ ಹೊರಬಾಗಿಲಿಗೆ ಅಗುಳಿ ಹಾಕಿದಂತೆ. ಬೀಜಾಮೃತಕ್ಕೂ ಇದೇ ಮಾತು ಅನ್ವಯಿಸುತ್ತದೆ. ಸಗಣಿ, ಗಂಜಲ, ಸುಣ್ಣ, ಮಣ್ಣು ಸೇರಿದ ಆ ದ್ರವ ಬೀಜದ ಮೈಮೇಲಿನ ಸೂಕ್ಷ್ಮಜೀವಿಗಳ ಮೇಲೆ ಪರಿಣಾಮ ಬೀರಬಹುದು. ಭ್ರೂಣದೊಳಗೆ ಮಲಗಿರುವ ಎಳೆಯನ್ನು ಕೊಲ್ಲುವ ಗುಣ ಅದರಲ್ಲಿಲ್ಲ. ಸಾವಯವದ ಬಗ್ಗೆ ನನಗೆ ತಕರಾರಿಲ್ಲ, ಸಾವಯವ ರೈತರಿಗೆ ಒಗ್ಗುವ ದಾರಿಯನ್ನೂ ಮುಂದೆ ಹೇಳಿದ್ದೇನೆ.

ಹೊರಗಿನ ಸೋಂಕು, ಒಳಗಿನ ಸೋಂಕು ಎಂಬ ಈ ಭೇದವನ್ನು ಅರಿಯುವುದಕ್ಕೆ ವಿಜ್ಞಾನಿಗಳಿಗೂ ಬಹಳ ಕಾಲ ಹಿಡಿದಿದೆ. ಗೋಧಿಯ ಇನ್ನೊಂದು ಕಾಡಿಗೆ, ಅಂದರೆ ಕಾಳಿನ ಸಿಪ್ಪೆಯೊಳಗೇ ಕಪ್ಪು ಪುಡಿ ಮುಚ್ಚಿಕೊಂಡಿರುವ ಬಗೆ, ಬೀಜಕ್ಕೆ ಹತ್ತಿದ ಪುಡಿಯಿಂದ ಬರುತ್ತದೆಂದು ಫ್ರಾನ್ಸಿನ ಮ್ಯಾಥ್ಯೂ ಟಿಲೆ 1755ರಲ್ಲಿ ತನ್ನ ಹೊಲದ ಪ್ರಯೋಗಗಳಿಂದ ತೋರಿಸಿದ. ಆ ಪುಡಿ ಜೀವವಿರುವ ಶಿಲೀಂಧ್ರವೆಂದೂ, ಮೈಲುತುತ್ತದ ನೀರು ಅದು ಮೊಳೆಯದಂತೆ ತಡೆಯುತ್ತದೆಂದೂ 1807ರಲ್ಲಿ ಪ್ರೆವೊ ಎಂಬ ವಿಜ್ಞಾನಿ ತೋರಿಸಿದ. ಸಸ್ಯರೋಗ ವಿಜ್ಞಾನ ಹುಟ್ಟಿದ್ದೇ ಗೋಧಿ ಬೀಜದ ಮೇಲಿನ ಆ ಕಪ್ಪು ಪುಡಿಯಿಂದ ಎಂದರೆ ತಪ್ಪಾಗಲಾರದು. ಆದರೆ ಮೈಲುತುತ್ತ ಹೊರಗಿನದಕ್ಕೆ ಮಾತ್ರ ಮದ್ದಾಯಿತು. ಒಳಗಿನ ಕಾಡಿಗೆಗೆ 1880ರ ದಶಕದಲ್ಲಿ ಡೆನ್ಮಾರ್ಕಿನ ಯೆನ್ಸೆನ್ ರೂಪಿಸಿದ ಬಿಸಿನೀರಿನ ಉಪಚಾರವೇ ದೀರ್ಘಕಾಲ ಗತಿಯಾಗಿತ್ತು. ಬೀಜದೊಳಗೆ ಇಳಿದು ಕೆಲಸ ಮಾಡುವ ಅಂತರ್ವ್ಯಾಪಿ ಔಷಧಿ ಕಾರ್ಬಾಕ್ಸಿನ್ ಬಂದದ್ದು 1966ರಲ್ಲಿ.

ಬೀಜದಲ್ಲಿ ಸೋಂಕು ಎಷ್ಟಿದೆ ಎಂದು ಬಿತ್ತುವ ಮೊದಲೇ ತಿಳಿಯುವುದು ಸಾಧ್ಯ, ಆದರೆ ಮನೆಯಲ್ಲಿ ಅಲ್ಲ. ಪ್ರಯೋಗಾಲಯದಲ್ಲಿ ಬೀಜವನ್ನು ಶೇಕಡಾ 5ರ ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ಟ್ರಿಪಾನ್ ಬ್ಲೂ ಎಂಬ ಬಣ್ಣ ಬೆರೆಸಿ ರಾತ್ರಿಯೆಲ್ಲ ನೆನೆಸುತ್ತಾರೆ. ಮರುದಿನ ಮೆತ್ತಗಾದ ಬೀಜವನ್ನು ಜರಡಿಗಳ ಮೇಲೆ ಬಿಸಿನೀರಿನಿಂದ ತೊಳೆದು ಭ್ರೂಣಗಳನ್ನು ಬೇರ್ಪಡಿಸಿ, ಅವು ಪಾರದರ್ಶಕವಾಗುವ ಹಾಗೆ ಮಾಡಿ ಸೂಕ್ಷ್ಮದರ್ಶಕದಡಿ ಇಡುತ್ತಾರೆ. ಗಾಜಿನ ಚೂರಿನಷ್ಟು ತಿಳಿಯಾದ ಭ್ರೂಣದೊಳಗೆ, ಅದರ ಗುರಾಣಿಯಾಕಾರದ ಭಾಗದಲ್ಲಿ, ಗಂಟುಗಂಟಾದ ನೀಲಿ ಎಳೆಗಳು ಹೆಣೆದುಕೊಂಡಿರುವುದು ಸ್ಪಷ್ಟವಾಗಿ ಕಾಣುತ್ತದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅನ್ವಯಿಕ ಸಸ್ಯಶಾಸ್ತ್ರ ವಿಭಾಗದವರು ಡೆನ್ಮಾರ್ಕಿನ ನೆರವಿನೊಡನೆ ಬೀಜರೋಗಗಳ ಅಧ್ಯಯನವನ್ನು ದಶಕಗಳ ಕಾಲ ಬೆಳೆಸಿದ್ದರಿಂದ, ಈ ಬಗೆಯ ಪರೀಕ್ಷೆಗಳ ಪರಿಚಯ ನಮ್ಮ ಭಾಗಕ್ಕೆ ಹೊಸದಲ್ಲ. ಆದರೂ ನಿಮ್ಮ ವಿಷಯದಲ್ಲಿ ಪರೀಕ್ಷೆಗೆ ಹಣ, ಸಮಯ ಖರ್ಚು ಮಾಡುವ ಅಗತ್ಯ ನನಗೆ ಕಾಣುವುದಿಲ್ಲ. ಹೊಲದಲ್ಲೇ ಕಪ್ಪು ತೆನೆ ಕಂಡಿದೆಯೆಂದ ಮೇಲೆ ಬೀಜದಲ್ಲಿ ಸೋಂಕಿದೆ ಎಂದೇ ತಿಳಿದು ನಡೆಯಿರಿ. ಬೀಜ ಪ್ರಮಾಣೀಕರಣದಲ್ಲಿ ಈ ರೋಗಕ್ಕೆ ಇಟ್ಟಿರುವ ಮಿತಿ ಎಷ್ಟು ಬಿಗಿ ಎಂದರೆ, ಮೂಲ ಬೀಜದ ಹೊಲದಲ್ಲಿ ಸಾವಿರ ತೆನೆಗೆ ಒಂದು, ಪ್ರಮಾಣಿತ ಬೀಜದ ಹೊಲದಲ್ಲಿ ಸಾವಿರಕ್ಕೆ ಐದು ಕಪ್ಪು ತೆನೆಗಿಂತ ಹೆಚ್ಚಿದ್ದರೆ ಆ ಹೊಲ ತಿರಸ್ಕೃತವಾಗುತ್ತದೆ. ನೀವು ಅಲ್ಲಲ್ಲಿ ಎಂದು ಬರೆದಿರುವುದು ಈ ಮಿತಿಯನ್ನು ಸುಲಭವಾಗಿ ದಾಟಿರುತ್ತದೆ.

ಉಪಚಾರಕ್ಕೆ ಬಂದರೆ, ಅರ್ಧ ಎಕರೆಗೆ ನಿಮಗೆ 20ರಿಂದ 25 ಕಿಲೋ ಬೀಜ ಬೇಕು. ಔಷಧಿಯ ದಾರಿ ಹಿಡಿಯುವವರಾದರೆ ಕಿಲೋ ಬೀಜಕ್ಕೆ ಕಾರ್ಬಾಕ್ಸಿನ್ ಶೇ. 75ರ ಪುಡಿ ಎರಡೂವರೆ ಗ್ರಾಂ, ಅಥವಾ ಟೆಬುಕೊನಜೋಲ್ ಶೇ. 2ರ ಬೀಜೋಪಚಾರದ ಪುಡಿ ಒಂದು ಗ್ರಾಂ, ಅಥವಾ ಕಾರ್ಬಾಕ್ಸಿನ್ ಮತ್ತು ಥೈರಮ್ ಸಮಪಾಲು ಸೇರಿದ ಪುಡಿ ಮೂರು ಗ್ರಾಂ ಸಾಕು. ನಿಮ್ಮ ಬೀಜದಲ್ಲಿ ಕಪ್ಪು ಮೂತಿಯೂ ಇರುವುದರಿಂದ ಮೂರನೆಯದು ಹೆಚ್ಚು ಹೊಂದುತ್ತದೆ. ಕಾರ್ಬಾಕ್ಸಿನ್ ಒಳಗಿನದನ್ನೂ ಥೈರಮ್ ಹೊರಮೈಯದನ್ನೂ ನೋಡಿಕೊಳ್ಳುತ್ತದೆ. ಔಷಧಿ ಕಡಿಮೆ ಬಳಸಬೇಕೆನ್ನುವವರಿಗೆ ಕಾರ್ಬಾಕ್ಸಿನ್ ಅರ್ಧಕ್ಕೆ ಇಳಿಸಿ, ಕಿಲೋಗೆ ನಾಲ್ಕು ಗ್ರಾಂ ಟ್ರೈಕೊಡರ್ಮಾ ಎಂಬ ಉಪಕಾರಿ ಶಿಲೀಂಧ್ರದ ಪುಡಿ ಸೇರಿಸುವ ಶಿಫಾರಸೂ ಇದೆ. ಪುಡಿಯನ್ನು ಸ್ವಲ್ಪವೇ ನೀರಿನಲ್ಲಿ ಗಂಜಿಯಂತೆ ಕಲಸಿ, ಮುಚ್ಚಳವಿರುವ ಡ್ರಮ್ಮಿನಲ್ಲೋ ದಪ್ಪ ಪ್ಲಾಸ್ಟಿಕ್ ಚೀಲದಲ್ಲೋ ಬೀಜದೊಂದಿಗೆ ಉರುಳಿಸಿ, ಎಲ್ಲ ಕಾಳಿಗೂ ಬಣ್ಣ ಹತ್ತಿದ ಮೇಲೆ ನೆರಳಿನಲ್ಲಿ ಆರಿಸಿ ಬಿತ್ತಿರಿ. ಕೈಗವಸು ಹಾಕಿಕೊಳ್ಳುವುದನ್ನೂ ಮೂಗಿಗೆ ಬಟ್ಟೆ ಕಟ್ಟುವುದನ್ನೂ ಮರೆಯಬೇಡಿ. ಜವೆ ಗೋಧಿ ಬೆಳೆಯುವವರಿಗೆ ಇಲ್ಲೊಂದು ಮಾತು ಸೇರಿಸಬೇಕು. ಅದನ್ನು ಸಿಪ್ಪೆ ಸಹಿತವೇ ಬಿತ್ತುವುದರಿಂದ ಗಂಜಿ ತುಸು ತೆಳ್ಳಗಿದ್ದು ಸಿಪ್ಪೆಯ ಸಂದಿಗೂ ಇಳಿಯುವಂತಿರಬೇಕು, ಇಲ್ಲದಿದ್ದರೆ ಔಷಧಿಯೆಲ್ಲ ಹೊಟ್ಟಿನ ಮೇಲೇ ಉಳಿಯುತ್ತದೆ.

ಔಷಧಿ ಬೇಡವೆನ್ನುವವರಿಗೆ ಬಿಸಿಲಿನ ಉಪಚಾರವಿದೆ, ಮತ್ತು ಬೇಸಿಗೆ ಇನ್ನೂ ಇರುವಾಗಲೇ ನೀವು ಕೇಳಿರುವುದರಿಂದ ಅದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಅಂದಿನ ಪಂಜಾಬಿನ ಲಯಲ್‌ಪುರದಲ್ಲಿದ್ದ ಸಸ್ಯರೋಗ ವಿಜ್ಞಾನಿ ಲೂಥ್ರಾ 1930ರ ದಶಕದಲ್ಲಿ ಇದನ್ನು ರೂಢಿಗೆ ತಂದರು. ಮೇ–ಜೂನಿನ ಮೋಡವಿಲ್ಲದ ದಿನ ಬೆಳಗ್ಗೆ ಎಂಟರಿಂದ ಹನ್ನೆರಡರವರೆಗೆ ಬೀಜವನ್ನು ನೀರಿನಲ್ಲಿ ನೆನೆಸಿಟ್ಟು, ಮಧ್ಯಾಹ್ನ ಬಿಸಿಯೇರಿದ ನೆಲದ ಮೇಲೆ ತೆಳುವಾಗಿ ಹರಡಿ ಸಂಜೆಯವರೆಗೆ ಒಣಗಿಸುವುದು, ಅಷ್ಟೇ ಆ ವಿಧಾನ. ಇದರ ಹಿಂದಿನ ತತ್ತ್ವ ಸರಳವಾದರೂ ಜಾಣತನದ್ದು. ಒಣ ಬೀಜದಲ್ಲಿ ನಿದ್ರಿಸುತ್ತಿರುವ ಶಿಲೀಂಧ್ರ ಶಾಖಕ್ಕೆ ಸುಲಭವಾಗಿ ಜಗ್ಗುವುದಿಲ್ಲ. ನಾಲ್ಕು ಗಂಟೆ ನೆನೆದಾಗ ಅದು ಎಚ್ಚೆತ್ತು ಬೆಳೆಯಲು ತೊಡಗುತ್ತದೆ, ಬೀಜದ ಮೊಳಕೆ ಮಾತ್ರ ಇನ್ನೂ ಹೊರಟಿರುವುದಿಲ್ಲ. ಆ ನಡುವಿನ ಹೊತ್ತಿನಲ್ಲಿ ತಾಗುವ ಶಾಖ ಎಳೆಯನ್ನು ಕೊಂದು ಬೀಜವನ್ನು ಉಳಿಸುತ್ತದೆ. ನಮ್ಮಲ್ಲಿರುವ ತೊಡಕೆಂದರೆ ಮಂಡ್ಯದ ಬಿಸಿಲು ಪಂಜಾಬಿನ ಬಿಸಿಲಲ್ಲ. ಅಲ್ಲಿ ಗಾಳಿಯ ಉಷ್ಣತೆಯೇ 40 ಡಿಗ್ರಿ ದಾಟುತ್ತದೆ. ಇಲ್ಲಿ ಏಪ್ರಿಲ್‌ನಲ್ಲೂ 35–36ರ ಆಸುಪಾಸಿನಲ್ಲಿ ನಿಲ್ಲುತ್ತದೆ, ಮೇ ಬಂತೆಂದರೆ ಮಧ್ಯಾಹ್ನದ ಮೇಲೆ ಮೋಡ ಕಟ್ಟಿ ಗುಡುಗಲು ಶುರುವಾಗುತ್ತದೆ. ಆದ್ದರಿಂದ ಏಪ್ರಿಲ್‌ನಲ್ಲೇ, ತಾರಸಿಯ ಮೇಲೆ ಕಪ್ಪು ಟಾರ್ಪಾಲು ಹಾಸಿ, ಒಂದೇ ಕಾಳಿನ ದಪ್ಪಕ್ಕೆ ಹರಡಿ. ಅಷ್ಟಾದರೂ ಇಲ್ಲಿ ಇದರಿಂದ ರೋಗ ಬಹುಮಟ್ಟಿಗೆ ತಗ್ಗುತ್ತದೆಂದು ಹೇಳಬಲ್ಲೆನೇ ಹೊರತು ನಿರ್ನಾಮವಾಗುತ್ತದೆಂದು ಮಾತು ಕೊಡಲಾರೆ. ಸಂಜೆಗೆ ಕಾಳು ಹಲ್ಲಿಗೆ ಕಟುಮ್ಮೆನ್ನದಿದ್ದರೆ ಮರುದಿನವೂ ಒಣಗಿಸಿ, ಹಸಿ ಉಳಿದರೆ ಬೀಜ ಮುಗ್ಗಿ ಹೋಗುತ್ತದೆ.

ಬಿಸಿನೀರಿನ ಉಪಚಾರ ಇದಕ್ಕಿಂತ ಖಚಿತ, ಆದರೆ ಅಪಾಯವೂ ಹೆಚ್ಚು. ಬೀಜವನ್ನು ನಾಲ್ಕೈದು ಗಂಟೆ ತಣ್ಣೀರಿನಲ್ಲಿ ನೆನೆಸಿ, ಸಡಿಲವಾದ ಬಟ್ಟೆಯ ಚೀಲದಲ್ಲಿ ಕಟ್ಟಿ, 52ರಿಂದ 54 ಡಿಗ್ರಿಯ ನೀರಿನಲ್ಲಿ ಹತ್ತು ನಿಮಿಷ ಆಡಿಸಿ, ಕೂಡಲೇ ತಣ್ಣೀರಿಗೆ ಹಾಕಿ ಆರಿಸಬೇಕು. ಒಂದು ಡಿಗ್ರಿ ಕಡಿಮೆಯಾದರೆ ಶಿಲೀಂಧ್ರ ಬದುಕುತ್ತದೆ, ಎರಡು ಡಿಗ್ರಿ ಜಾಸ್ತಿಯಾದರೆ ಬೀಜ ಸಾಯುತ್ತದೆ. ಬೆರಳದ್ದಿ ಬಿಸಿ ನೋಡುವ ಅಂದಾಜು ಇಲ್ಲಿ ನಡೆಯುವುದಿಲ್ಲ, ಥರ್ಮಾಮೀಟರು ಬೇಕೇ ಬೇಕು. 25 ಕಿಲೋವನ್ನು ಒಂದೇ ಸಲ ಹಂಡೆಗೆ ಇಳಿಸಿದರೆ ನೀರಿನ ಬಿಸಿ ಸರ್ರನೆ ಇಳಿದುಬಿಡುವುದರಿಂದ ಎರಡು ಮೂರು ಕಿಲೋದಂತೆ ಮಾಡಬೇಕು, ಅದಕ್ಕೂ ಮೊದಲು ನೂರು ಕಾಳಿಗೆ ಮಾಡಿ ಮೊಳಕೆ ನೋಡಬೇಕು. ನನ್ನ ಅಭಿಪ್ರಾಯ ಕೇಳುವುದಾದರೆ, ಇಡೀ ಬೀಜಕ್ಕೆ ಈ ಸಾಹಸ ಬೇಡ. ಒಂದು ಗುಂಟೆಗೆ ಬೇಕಾದ ಒಂದೋ ಒಂದೂಕಾಲೋ ಕಿಲೋ ಬೀಜವನ್ನು ಮಾತ್ರ ಬಿಸಿನೀರಿಗೆ ಹಾಕಿ, ಆ ಗುಂಟೆಯನ್ನು ಬೀಜಕ್ಕೆಂದೇ ಬೇರೆಯಾಗಿ ಬೆಳೆದುಕೊಂಡರೆ ಮುಂದಿನ ವರ್ಷಕ್ಕೆ ಶುದ್ಧ ಬೀಜ ಕೈಯಲ್ಲಿರುತ್ತದೆ.

ಇಲ್ಲಿ ನಿಮಗೊಂದು ಅನುಕೂಲವಿದೆ, ಅದು ಧಾರವಾಡದ ರೈತರಿಗಿಲ್ಲ. ಗೋಧಿಯ ಬೀಜೋತ್ಪಾದನೆಯಲ್ಲಿ ಕಾಡಿಗೆ ಮಿತಿ ಮೀರಿದ ಹೊಲದಿಂದ 150 ಮೀಟರ್ ಅಂತರ ಬಿಡಬೇಕೆಂಬ ನಿಯಮವಿದೆ. ಗೋಧಿಯೇ ತುಂಬಿದ ಬಯಲಿನಲ್ಲಿ ಪಕ್ಕದವರ ಹೊಲದ ಬೀಜಾಣು ನಿಮ್ಮ ಹೂವಿಗೆ ಬಂದು ಬೀಳುವುದು ತೀರಾ ಸಹಜ. ನಿಮ್ಮ ಸುತ್ತ ಇರುವುದು ಕಬ್ಬು, ಭತ್ತ, ರಾಗಿ. ತೆರೆದ ಕಾಡಿಗೆಯ ಬೀಜಾಣು ಮಣ್ಣಿನಲ್ಲಿ ಉಳಿದು ಮುಂದಿನ ಬೆಳೆಗೆ ಬರುವ ರೋಗವಲ್ಲ, ಹುಲ್ಲುಕಳೆಗಳಲ್ಲಿ ಕಾದು ಕೂರುವುದೂ ಅಲ್ಲ. ಪಾಂಡವಪುರದ ಹೊಲಕ್ಕೆ ಅದು ಬರಬಹುದಾದ ದಾರಿ ಬೀಜವೊಂದೇ. ಆ ದಾರಿಯನ್ನು ಒಂದು ವರ್ಷ ಸರಿಯಾಗಿ ಮುಚ್ಚಿದರೆ ರೋಗ ನಿಮ್ಮ ಹೊಲದಿಂದ ಹೋಗಿಯೇ ಹೋಗುತ್ತದೆ. ಅದಕ್ಕಾಗಿ ಉಪಚಾರದ ಜೊತೆಗೆ ಇನ್ನೊಂದು ಕೆಲಸ ಮಾಡಿ. ಹೊಡೆ ಒಡೆಯುವ ವಾರದಲ್ಲಿ ದಿನ ಬಿಟ್ಟು ದಿನ, ಇಬ್ಬನಿ ಆರುವ ಮೊದಲೇ ಹೊಲ ಸುತ್ತಿ. ಕಪ್ಪು ತೆನೆ ಮೊದಲೇ ಬರುವುದರಿಂದ ಕಣ್ಣಿಗೆ ಬೇಗ ಬೀಳುತ್ತದೆ, ಇಬ್ಬನಿಯಲ್ಲಿ ಪುಡಿ ಒದ್ದೆಯಾಗಿರುವುದರಿಂದ ಹಾರುವುದೂ ಕಡಿಮೆ. ತೆನೆಯ ಮೇಲೆ ಕಾಗದದ ಚೀಲ ಇಳಿಬಿಟ್ಟು ಬಾಯಿ ಹಿಡಿದು, ಬುಡಸಮೇತ ಕಿತ್ತು, ಹೊಲದಿಂದ ಹೊರಗೆ ಒಯ್ದು ಸುಡಿ. ಚೀಲವಿಲ್ಲದೆ ಕಿತ್ತು ಭುಜದ ಮೇಲೆ ಹೊತ್ತು ಸಾಗಿದರೆ ರೋಗವನ್ನು ನೀವೇ ಹೊಲಕ್ಕೆಲ್ಲ ಎರಚಿದಂತಾಗುತ್ತದೆ. ಹಾಗೆಯೇ, ಉಪಚಾರ ಮಾಡದ ಈ ಬೀಜವನ್ನು ಊರಿನ ಬೇರೆಯವರಿಗೆ ಬಿತ್ತಲು ಕೊಡಬೇಡಿ.

ಕಪ್ಪು ಮೂತಿಯ ಕಾಳು ಬೇರೆಯೇ ಸಂಗತಿ, ಕಾಡಿಗೆಗೂ ಅದಕ್ಕೂ ಸಂಬಂಧವಿಲ್ಲ. ಕಾಳು ತುಂಬುವಾಗಲೋ ಕಟಾವಿನ ಹೊತ್ತಿಗೋ ತೇವ ಹೆಚ್ಚಾದರೆ ಆಲ್ಟರ್ನೇರಿಯಾ, ಬೈಪೊಲಾರಿಸ್ ಮುಂತಾದ ಶಿಲೀಂಧ್ರಗಳು ಭ್ರೂಣವಿರುವ ತುದಿಯ ಸಿಪ್ಪೆಯಲ್ಲಿ ಬೆಳೆದು ಅದನ್ನು ಕಪ್ಪಾಗಿಸುತ್ತವೆ. ಇವೆರಡರಲ್ಲಿ ಮೊದಲನೆಯದಕ್ಕೆ ನಾನು ಅಷ್ಟಾಗಿ ಹೆದರುವುದಿಲ್ಲ. ಬಹಳ ಸಲ ಮೊಳಕೆಗೆ ಅದರಿಂದ ಹೇಳಿಕೊಳ್ಳುವಂಥ ತೊಂದರೆಯಾಗುವುದಿಲ್ಲ. ಬೈಪೊಲಾರಿಸ್ ಸೊರೊಕಿನಿಯಾನ ಮಾತ್ರ ಸಸಿಯನ್ನು ಕೊಳೆಸುತ್ತದೆ, ಬೇರನ್ನು ಕಂದಾಗಿಸುತ್ತದೆ, ಮುಂದೆ ಎಲೆಯ ಮೇಲೆ ಕಂದು ಚುಕ್ಕೆಯ ರೋಗವಾಗಿ ಏರುತ್ತದೆ. ಬೆಚ್ಚನೆಯ, ತೇವದ ಹವೆ ಅದಕ್ಕೆ ಪ್ರಿಯವಾದ್ದರಿಂದ ಉತ್ತರದ ಚಳಿಗಿಂತ ನಮ್ಮ ನಾಲೆ ಬಯಲಿನಲ್ಲಿ ಅದು ಹೆಚ್ಚು ಕಾಡುವ ಸಂಭವವಿದೆ. ಅದು ಹುಲ್ಲುಗಳಲ್ಲೂ ಬೆಳೆಯ ಉಳಿಕೆಯಲ್ಲೂ ಬದುಕುತ್ತದೆ. ಕಾಡಿಗೆಯಂತೆ ಒಂದೇ ವರ್ಷದಲ್ಲಿ ತೊಲಗಿಸಲು ಬರುವುದಿಲ್ಲ.

ಇವನ್ನು ಗುರುತಿಸುವ ಪರೀಕ್ಷೆಯ ಹೆಸರು ಒದ್ದೆ ಕಾಗದದ ಪರೀಕ್ಷೆ. ಪ್ರಯೋಗಾಲಯದಲ್ಲಿ ತಟ್ಟೆಯೊಂದಕ್ಕೆ ಮೂರು ಪದರ ಒದ್ದೆ ಹೀರುಕಾಗದ ಹಾಸಿ, ಹೊರಸುತ್ತಿನಲ್ಲಿ 16, ಒಳಸುತ್ತಿನಲ್ಲಿ 8, ನಡುವೆ ಒಂದು ಹೀಗೆ 25 ಕಾಳಿಟ್ಟು, ಒಟ್ಟು 400 ಕಾಳುಗಳನ್ನು ಏಳು ದಿನ ಸುಮಾರು 20 ಡಿಗ್ರಿಯಲ್ಲಿ, ಹನ್ನೆರಡು ಗಂಟೆ ನೇರಳಾತೀತದ ಅಂಚಿನ ಬೆಳಕು, ಹನ್ನೆರಡು ಗಂಟೆ ಕತ್ತಲು ಕೊಟ್ಟು ಇಡುತ್ತಾರೆ. ಎಂಟನೆಯ ದಿನ ಭೂತಗನ್ನಡಿಯ ಕೆಳಗೆ ಪ್ರತಿ ಕಾಳಿನ ಮೇಲೂ ಬೆಳೆದದ್ದನ್ನು ನೋಡುತ್ತಾರೆ. ಆಲ್ಟರ್ನೇರಿಯಾ ಬಾಲವಿರುವ ಬೀಜಾಣುಗಳನ್ನು ಸರಪಳಿಯಾಗಿ ಕಟ್ಟುತ್ತದೆ. ಬೈಪೊಲಾರಿಸ್‌ನವು ದಪ್ಪನೆಯ, ಹೊಳಪಿನ ಕಂದು ಬಣ್ಣದ, ತುಸು ಬಾಗಿದ ಕೋಶಗಳು. ಮನೆಯಲ್ಲಿ ಅಷ್ಟು ಸೂಕ್ಷ್ಮವಾಗಿ ನೋಡಲಾಗದಿದ್ದರೂ, ಕಪ್ಪು ಮೂತಿಯ ನೂರು ಕಾಳು ಮತ್ತು ಬಿಳಿ ಮೂತಿಯ ನೂರು ಕಾಳುಗಳನ್ನು ಬೇರೆ ಬೇರೆ ಒದ್ದೆ ಗೋಣಿತಾಟಿನಲ್ಲಿ ಸುತ್ತಿ ವಾರವಿಟ್ಟು ನೋಡಿ. ಮೊಳಕೆಯ ಬಿಳಿ ಕವಚದ ಮೇಲೆ ಕಂದು ಗೆರೆಗಳು ಓಡಿದ್ದರೆ, ಬೇರು ಮೊಂಡಾಗಿ ಕಂದಾಗಿದ್ದರೆ ಅದು ಕೆಡುಕಿನ ಬಗೆ. ನೂರಕ್ಕೆ 85 ಕಾಳು ಚೆನ್ನಾಗಿ ಮೊಳೆಯುವುದು ಪ್ರಮಾಣಿತ ಗೋಧಿ ಬೀಜಕ್ಕಿರುವ ಕನಿಷ್ಠ ಮಟ್ಟ. ನಿಮ್ಮ ಬೀಜ ಅದಕ್ಕಿಂತ ತೀರಾ ಕೆಳಗಿದ್ದರೆ ಉಪಚಾರದ ಖರ್ಚೂ ದಂಡ. ಮೊರದಲ್ಲಿ ಕೇರಿ, ಉಪ್ಪುನೀರಿನಲ್ಲಿ ತೇಲಿಸಿ ಜೊಳ್ಳು ತೆಗೆಯುವ ನಮ್ಮ ಭತ್ತದ ಪದ್ಧತಿ ಸುಕ್ಕುಗಟ್ಟಿದ ಕಾಳು ಬೇರ್ಪಡಿಸಲು ಇಲ್ಲಿಯೂ ಉಪಯುಕ್ತ. ಉಪ್ಪು ಹೋಗುವಂತೆ ಎರಡು ಸಲ ತೊಳೆದು ಒಣಗಿಸಿ.

ಉತ್ತರದಿಂದ ಬೀಜ ತರಿಸುವವರು ಇನ್ನೊಂದನ್ನು ನೋಡಿಕೊಳ್ಳಬೇಕು. ಹರಿಯಾಣದ ಕರ್ನಾಲಿನಲ್ಲಿ ಮೊದಲು ಕಂಡು 1931ರಲ್ಲಿ ಮಿತ್ರ ಎಂಬ ವಿಜ್ಞಾನಿ ವರದಿ ಮಾಡಿದ ಕರ್ನಾಲ್ ಬಂಟ್ ರೋಗದಲ್ಲಿ ಇಡೀ ತೆನೆ ಕಪ್ಪಾಗುವುದಿಲ್ಲ. ಕಾಳಿನ ಒಂದು ತುದಿಯೋ ಸೀಳಿನ ಉದ್ದದ ಭಾಗವೋ ಮಾತ್ರ ಪುಡಿಯಾಗಿ, ಹಿಡಿಯಷ್ಟು ಕಾಳನ್ನು ಉಜ್ಜಿ ಮೂಸಿದರೆ ಕೊಳೆತ ಮೀನಿನ ವಾಸನೆ ಬರುತ್ತದೆ. ಅದರ ಬೀಜಾಣು ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕುತ್ತದೆ. ದಕ್ಷಿಣದ ಗೋಧಿ ಸೀಮೆಯಲ್ಲಿ ಅದು ನೆಲೆಯೂರಿಲ್ಲವಾದ್ದರಿಂದ ನಾವೇ ಕೈಯಾರೆ ತಂದುಕೊಳ್ಳಬಾರದು. ನಿಮ್ಮ ಬೀಜದ ಕಪ್ಪು ಮೂತಿಯಲ್ಲಿ ಪುಡಿಯಾಗಲಿ ವಾಸನೆಯಾಗಲಿ ಇಲ್ಲದಿದ್ದರೆ ಆ ಭಯ ಬೇಡ.

ಬೀಜೋಪಚಾರ ಮಾಡಿದ ಮೇಲೂ ಎಲೆ, ಕಾಂಡದ ಮೇಲೆ ತುಕ್ಕಿನ ಬಣ್ಣದ ಪುಡಿ ಕಂಡರೆ ಬೀಜವನ್ನು ದೂರಬೇಡಿ. ತುಕ್ಕು ರೋಗ ಬೀಜದಿಂದ ಬರುವುದಲ್ಲ, ಗಾಳಿಯಲ್ಲಿ ಬರುತ್ತದೆ. ದಕ್ಷಿಣದಲ್ಲಿ ಅದು ವರ್ಷವಿಡೀ ಉಳಿದುಕೊಳ್ಳುವ ನೆಲೆ ನೀಲಗಿರಿ ಮತ್ತು ಪಳನಿ ಬೆಟ್ಟಗಳೆಂದು ಸಸ್ಯರೋಗ ವಿಜ್ಞಾನಿ ಕೆ.ಸಿ. ಮೆಹ್ತಾ ಅವರ ಕಾಲದಿಂದ ತಿಳಿದಿದೆ. ಮೈಸೂರು–ಮಂಡ್ಯದವರು ಆ ಬೆಟ್ಟಗಳಿಗೆ ತೀರಾ ಹತ್ತಿರದಲ್ಲಿದ್ದೇವೆ, ಆದ್ದರಿಂದ ತುಕ್ಕು ನಿರೋಧಕ ತಳಿಯನ್ನೇ ಆರಿಸುವುದು ಇಲ್ಲಿ ಬೇರೆಡೆಗಿಂತ ಹೆಚ್ಚು ಅಗತ್ಯ.

ಇನ್ನು ರಾಗಿ, ಭತ್ತದ ಪ್ರಶ್ನೆ. ಗೋಧಿಯ ತೆರೆದ ಕಾಡಿಗೆ ಅವೆರಡಕ್ಕೂ ಹರಡುವುದಿಲ್ಲ. ಭತ್ತದ ತೆನೆಯಲ್ಲಿ ಹಳದಿ–ಹಸಿರು ಉಂಡೆ ಕಟ್ಟುವ ಹುಸಿ ಕಾಡಿಗೆಯಾಗಲಿ, ರಾಗಿಯ ತೆನೆಯ ಕಾಡಿಗೆಯಾಗಲಿ ಬೇರೆ ಬೇರೆ ಶಿಲೀಂಧ್ರಗಳಿಂದ ಬರುವಂಥವು. ಬೆಂಕಿ ರೋಗದ ವಿಷಯ ಸ್ವಲ್ಪ ಸೂಕ್ಷ್ಮ. ಭತ್ತದ, ರಾಗಿಯ ಬೆಂಕಿ ರೋಗಗಳಿಗೆ ಕಾರಣವಾದ ಶಿಲೀಂಧ್ರದ ಹತ್ತಿರದ ಬಳಗವೊಂದು 1985ರಲ್ಲಿ ಬ್ರೆಜಿಲಿನಲ್ಲಿ ಗೋಧಿಯ ಮೇಲೆ ಕಾಣಿಸಿಕೊಂಡು, 2016ರಲ್ಲಿ ಬಾಂಗ್ಲಾದೇಶದ ಸುಮಾರು 15,000 ಹೆಕ್ಟೇರ್ ಗೋಧಿಯನ್ನು ಹಾಳುಗೆಡವಿತು. ಅದು ಬೀಜದ ಮೂಲಕವೂ ಸಾಗುತ್ತದೆ. ಆದರೆ ಗೋಧಿಯ ಆ ಬಳಗವೇ ಬೇರೆ, ನಿಮ್ಮ ಭತ್ತದಲ್ಲಿರುವ ಬೆಂಕಿ ರೋಗದ ಬಳಗವೇ ಬೇರೆ. ಪಕ್ಕದ ಗದ್ದೆಯಲ್ಲಿ ಬೆಂಕಿ ರೋಗವಿದೆಯೆಂದು ಗೋಧಿ ಬಿತ್ತಲು ಹಿಂಜರಿಯಬೇಕಿಲ್ಲ. ಎಲ್ಲಿಯದೆಂದು ಗೊತ್ತಿಲ್ಲದ ಬೀಜವನ್ನು ಬಾಂಗ್ಲಾದೇಶಕ್ಕೆ ತಾಗಿದ ಪೂರ್ವದ ಗಡಿ ಜಿಲ್ಲೆಗಳ ಕಡೆಯಿಂದ ತರಿಸದಿದ್ದರೆ ಸಾಕು.

ಕೊನೆಯದಾಗಿ ಹಿಟ್ಟಿನ ವಿಷಯ. ಉಪಚಾರ ಮಾಡದ ಕಾಳನ್ನು ತೂರಿ, ತೊಳೆದು, ಚೆನ್ನಾಗಿ ಒಣಗಿಸಿ ಹಿಟ್ಟು ಮಾಡಿಸಬಹುದು. ಕಾಡಿಗೆಯ ಸೋಂಕಿರುವ ಕಾಳು ತಿನ್ನುವವರಿಗೆ ಹಾನಿ ಮಾಡುವುದಿಲ್ಲ. ಅಲ್ಲೊಂದು ಇಲ್ಲೊಂದು ಕಪ್ಪು ಮೂತಿಯ ಕಾಳಿದ್ದರೆ ಹಿಟ್ಟಿನಲ್ಲಿ ಕಪ್ಪು ಚುಕ್ಕೆ ಕಾಣುತ್ತದೆ, ಚಪಾತಿಯ ಬಣ್ಣ ಮಂಕಾಗುತ್ತದೆ, ಅಷ್ಟೇ. ನಾನು ನಿಜವಾಗಿ ಎಚ್ಚರಿಸುವುದು ಬೇರೆ ಎರಡರ ಬಗ್ಗೆ. ಸುಣ್ಣದಂತೆ ಬಿಳಿಚಿಕೊಂಡು ಸುಕ್ಕಾಗಿ, ನಸುಗೆಂಪು ಛಾಯೆ ಇರುವ ಕಾಳು ಫ್ಯುಸೇರಿಯಂ ಶಿಲೀಂಧ್ರದ್ದು. ಅದು ಕಾಳಿನಲ್ಲಿ ಬಿಡುವ ಡಿಆಕ್ಸಿನಿವಲಿನಾಲ್ ಎಂಬ ವಿಷ ತೊಳೆದರೂ ಬೇಯಿಸಿದರೂ ಪೂರ್ತಿ ಹೋಗುವುದಿಲ್ಲ, ಗೋಧಿಯಲ್ಲಿ ಅದು ಕಿಲೋಗೆ ಒಂದು ಮಿಲಿಗ್ರಾಂ ಮೀರಬಾರದೆಂದು ನಮ್ಮ ಆಹಾರ ಸುರಕ್ಷತಾ ನಿಯಮವಿದೆ. 1987ರಲ್ಲಿ ಕಾಶ್ಮೀರ ಕಣಿವೆಯಲ್ಲಿ ಮಳೆಗೆ ಸಿಕ್ಕು ಮುಗ್ಗಿದ ಗೋಧಿಯನ್ನು ತಿಂದ ಜನ ಹೊಟ್ಟೆನೋವು, ಭೇದಿಯಿಂದ ನರಳಿದ್ದಕ್ಕೆ ಇಂಥ ವಿಷಗಳೇ ಕಾರಣವಾಗಿದ್ದವು. ಕಟಾವಿನ ಹೊತ್ತಿಗೆ ಮಳೆ ಬಿದ್ದು ಮುಗ್ಗಲು ವಾಸನೆ ಹಿಡಿದ ರಾಶಿಯನ್ನು ಮನೆಗಾಗಲಿ ಹಸುವಿಗಾಗಲಿ ಕೋಳಿಗಾಗಲಿ ಹಾಕಬೇಡಿ. ಕಾಳಿನ ತೇವ ಶೇ. 12ಕ್ಕಿಂತ ಹೆಚ್ಚಿದ್ದಾಗ ಚೀಲ ಕಟ್ಟಿದರೆ ಒಳ್ಳೆಯ ಕಾಳೂ ಮಳೆಗಾಲದಲ್ಲಿ ಇದೇ ದಾರಿ ಹಿಡಿಯುತ್ತದೆ.

ಎರಡನೆಯದು ಔಷಧಿ ಹಚ್ಚಿದ ಬೀಜ. 1971ರ ಕೊನೆಯಲ್ಲಿ ಇರಾಕಿಗೆ ಬಿತ್ತನೆಗೆಂದು ಬಂದ, ಪಾದರಸದ ಔಷಧಿ ಹಚ್ಚಿದ ಗೋಧಿಯನ್ನು ಹಳ್ಳಿಗರು ರೊಟ್ಟಿ ಮಾಡಿಕೊಂಡು ತಿಂದು ಆರು ಸಾವಿರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು. ಆಸ್ಪತ್ರೆಗಳಲ್ಲಿ ದಾಖಲಾದ ಸಾವುಗಳೇ 459. ಬೀಜಕ್ಕೆ ಬಣ್ಣ ಹಾಕಿತ್ತು, ಆದರೆ ತೊಳೆದಾಗ ಬಣ್ಣ ಹೋಯಿತು, ವಿಷ ಉಳಿಯಿತು. ನಾನು ಮೇಲೆ ಹೇಳಿದ ಔಷಧಿಗಳು ಪಾದರಸದವಲ್ಲವಾದರೂ ತಿನ್ನುವುದಕ್ಕಲ್ಲ. ಆದ್ದರಿಂದ ಬಿತ್ತುವ ಹಿಂದಿನ ದಿನ, ಬೇಕಾದಷ್ಟೇ ಬೀಜವನ್ನು ಅಳೆದು ಉಪಚಾರ ಮಾಡಿ. ಮಿಕ್ಕಿದ್ದನ್ನು ಹಿಟ್ಟಿನ ಗೋಧಿಯ ಪಕ್ಕದಲ್ಲಿ ಇಡದೆ, ಬದುವಿನಂಚಿನಲ್ಲಿ ಬಿತ್ತಿಬಿಡಿ ಅಥವಾ ಕೋಳಿ, ದನ ಕೆದಕದಷ್ಟು ಆಳದ ಗುಂಡಿ ತೆಗೆದು ಮುಚ್ಚಿಬಿಡಿ.